ಹೊಸಿಲ ಮೇಲಿನ ಉಪ್ಪು

ನಾನು ವಕೀಲಿ ಕಲಿತದ್ದು ಬೆಂಗಳೂರಿನ ಲಾ ಕಾಲೇಜಿನಲ್ಲಿ ಎಂದು ನನ್ನ ಸರ್ಟಿಫಿಕೇಟು ಹೇಳುತ್ತದೆ. ಹೇಳಿಕೊಳ್ಳಲಿ, ಬಿಡಿ. ನನ್ನನ್ನು ಕೇಳಿದರೆ, ನಾನು ಕಲಿತದ್ದು ತುಮಕೂರಿನ ಚಿಕ್ಕಪೇಟೆಯಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಬೆನ್ನು ತಿರುಗಿಸಿ ಇಟ್ಟ ಒಂದು ಬೆತ್ತದ ಕುರ್ಚಿಯ ಎದುರು ನಿಂತು. ಮನೆ ಎಂದರೆ ಸಾಲಾಗಿ ಮೂರು ಕೋಣೆ. ಮುಂದೆ ಅಪ್ಪನ ಆಫೀಸು, ನಡುವೆ ನಡುಮನೆ, ಹಿಂದೆ ಅಡುಗೆಮನೆ. ಒಂದಕ್ಕೂ ನೆಟ್ಟಗೆ ಮುಚ್ಚುವ ಬಾಗಿಲಿರಲಿಲ್ಲ. ಅಪ್ಪ ಆಫೀಸಿನಲ್ಲಿ ಕಕ್ಷಿದಾರನನ್ನು ಕೇಳಿದ ಪ್ರಶ್ನೆಗೆ ಅಮ್ಮ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. ಕಕ್ಷಿದಾರರ ಗುಟ್ಟು ಕಾಪಾಡಬೇಕು ಎಂದು ಮುಂದೆ ಪುಸ್ತಕದಲ್ಲಿ ಓದಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಆ ಗುಟ್ಟುಗಳಿಗೆಲ್ಲ ಒಗ್ಗರಣೆಯ ವಾಸನೆ ಹತ್ತಿರುತ್ತಿತ್ತು.

ಅಪ್ಪ ಸಿವಿಲ್ ಕಡೆಯ ಲಾಯರು. ಪಾಲು, ಬದು, ಬಾವಿಯ ನೀರು, ತೆಂಗಿನ ಮರ ಯಾರ ಕಡೆಗೆ ಬಾಗಿದೆ, ಇಂಥವು ಅವರ ಕೇಸುಗಳು. ಗುಬ್ಬಿ ಕಡೆಯವರು, ಕುಣಿಗಲ್ ಕಡೆಯವರು ವಾಯಿದೆಯ ಹಿಂದಿನ ದಿನವೇ ಬಸ್ಸಿಳಿದು ಬಂದು ನಮ್ಮ ಜಗಲಿಯ ಮೇಲೆ ಮಲಗುತ್ತಿದ್ದರು. ಬಂದವರಿಗೆ ಊಟ ಹಾಕುವುದು ಅಮ್ಮನ ಹಟ. ನಮ್ಮ ಮನೆಯಲ್ಲಿ ಯಾರೂ ಮುದ್ದೆ ತಿನ್ನುತ್ತಿರಲಿಲ್ಲ, ಆದರೆ ಅನ್ನ ತಿಂದ ಕಕ್ಷಿದಾರರು ಕೋರ್ಟಿನಲ್ಲಿ ಹಸಿದು ತೂಕಡಿಸುತ್ತಾರೆ ಎಂದು ಅಮ್ಮ ಯಾರನ್ನೋ ಕೇಳಿ ಮುದ್ದೆ ತಿರುವುವುದನ್ನು ಕಲಿತುಕೊಂಡಿದ್ದಳು. ಮೊದಮೊದಲು ಗಂಟುಗಂಟಾಗುತ್ತಿತ್ತಂತೆ, ಪಾಪ, ಕಕ್ಷಿದಾರರು ಬಾಯಿಬಿಡದೆ ನುಂಗುತ್ತಿದ್ದರಂತೆ. ಅಪ್ಪನಿಗೆ ರಕ್ತದೊತ್ತಡ ಇದ್ದದ್ದರಿಂದ ಡಾಕ್ಟರು ಉಪ್ಪು ಕಮ್ಮಿ ಮಾಡಿ ಎಂದಿದ್ದರು. ಅದಕ್ಕೇ ನಮ್ಮ ಮನೆಯ ಅಡುಗೆ ಯಾವಾಗಲೂ ಸಪ್ಪೆ, ಬೇಕಾದವರು ಹಾಕಿಕೊಳ್ಳಲಿ ಎಂದು ಎಲೆಯ ತುದಿಗೊಂದು ಚಿಟಿಕೆ ಉಪ್ಪು, ಕೋರ್ಟಿಗೆ ಹೋಗುವ ಕ್ಯಾರಿಯರಿನ ಮೇಲೊಂದು ಉಪ್ಪಿನ ಪೊಟ್ಟಣ.

ವಾಯಿದೆಯ ದಿನ ಬೆಳಿಗ್ಗೆ ಅಪ್ಪ ಕೇಸಿನ ಕಟ್ಟನ್ನು ದೇವರ ಗೂಡಿನ ಮುಂದೆ ಇಟ್ಟು ಸ್ನಾನಕ್ಕೆ ಹೋಗುತ್ತಿದ್ದರು. ಅವರು ಬರುವಷ್ಟರಲ್ಲಿ ಅಮ್ಮ ಅದರ ಮೇಲೊಂದು ಹೂವು ಇಡಬೇಕು. ಅಮ್ಮನಿಗೆ ನ್ಯಾಯ ಅನ್ನಿಸದ ಕೇಸಾದರೆ ಹೂವು ಇರುತ್ತಿರಲಿಲ್ಲ. ಅಪ್ಪ ಒದ್ದೆ ಪಂಚೆಯಲ್ಲಿ ನಿಂತು ಬರಿಯ ಕಟ್ಟನ್ನು ನೋಡಿ ಗೊಣಗುತ್ತಿದ್ದರು.

"ಹೂವಿಲ್ಲದ ಕೇಸೂ ನಡೆಸಬೇಕಲ್ವೇನೇ? ಅವರಿಗೂ ಲಾಯರು ಬೇಕು."

"ನಡೆಸಿ, ಯಾರು ಬೇಡ ಅಂದ್ರು? ಹೂವು ನನ್ನದು."

ಇದು ಜಗಳವೂ ಅಲ್ಲ, ತಮಾಷೆಯೂ ಅಲ್ಲ. ಅವರಿಬ್ಬರ ಸಂಸಾರ ನಡೆದದ್ದೇ ಹೀಗೆ. ಅಪ್ಪ ಎಷ್ಟೋ ಸಲ ಹೂವಿಲ್ಲದ ಕೇಸನ್ನು ಗೆದ್ದು ಬಂದು ಸಪ್ಪಗೆ ಊಟ ಮಾಡಿದ್ದನ್ನು ನಾನು ನೋಡಿದ್ದೇನೆ.

ಬೆತ್ತದ ಕುರ್ಚಿಯ ವಿಷಯ ಹೇಳುತ್ತಿದ್ದೆ. ಹಳ್ಳಿಯಿಂದ ಬಂದವರು ಕಟಕಟೆ ಹತ್ತಿದೊಡನೆ ನಾಲಿಗೆ ಕಳೆದುಕೊಳ್ಳುತ್ತಿದ್ದರು. ಅದಕ್ಕೆ ಅಪ್ಪ ಒಂದು ದಾರಿ ಮಾಡಿಕೊಂಡಿದ್ದರು. ಹಿಂದಿನ ದಿನ ಸಂಜೆ ಆ ಎತ್ತರದ ಕುರ್ಚಿಯನ್ನು ತಿರುಗಿಸಿ ಇಟ್ಟು, ಸಾಕ್ಷಿಯನ್ನು ಅದರ ಬೆನ್ನು ಹಿಡಿದು ನಿಲ್ಲಿಸಿ, ಗುಮಾಸ್ತ ಶಾಮಣ್ಣನ ಕೈಯಲ್ಲಿ ಆ ಕಡೆಯ ಲಾಯರ ಹಾಗೆ ಪ್ರಶ್ನೆ ಕೇಳಿಸುತ್ತಿದ್ದರು. ಮನೆಯಲ್ಲಿ ಇದಕ್ಕೆ ತಾಲೀಮು ಎಂದೇ ಹೆಸರು. ಸಾಕ್ಷಿಗೆ ಮಾತು ಕಲಿಸಬಾರದು, ಹೆದರಿಕೆ ಬಿಡಿಸಬೇಕು ಎನ್ನುವುದು ಅಪ್ಪನ ನಿಯಮ. ಶಾಮಣ್ಣ ಏನಾದರೂ "ಹಿಂಗಂದ್ಬಿಡು" ಎಂದು ಹೇಳಿಕೊಡಲು ಹೋದರೆ ಅಪ್ಪ ಕೈ ಎತ್ತಿ ನಿಲ್ಲಿಸುತ್ತಿದ್ದರು.

ನಂಜಮ್ಮ ನಮ್ಮ ಮನೆಗೆ ಬಂದಾಗ ನನಗೆ ಹನ್ನೆರಡೋ ಹದಿಮೂರೋ. ಗುಬ್ಬಿ ಹತ್ತಿರದ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವಳು. ಗಂಡ ಜ್ವರ ಬಂದು ತೀರಿಕೊಂಡ ಮೇಲೆ ಭಾವ ಸಿದ್ದಪ್ಪ ಅವಳನ್ನು ಕುಣಿಗಲ್ ಕಡೆಯ ತವರಿಗೆ ಅಟ್ಟಿದ್ದ. ಅಲ್ಲಿ ಅಣ್ಣನ ಅಡುಗೆಮನೆಯ ಮೂಲೆಯಲ್ಲಿ ಅವಳ ಚಾಪೆ. ಅವಳು ಕೇಳುತ್ತಿದ್ದದ್ದು ಗಂಡನ ಪಾಲು: ಒಂದಿಷ್ಟು ರಾಗಿಯ ಹೊಲ, ಸ್ವಲ್ಪ ತೆಂಗು, ಎಲ್ಲಕ್ಕಿಂತ ಹೆಚ್ಚಾಗಿ ತಾನು ಒಲೆ ಹೂಡಿದ್ದ ಆ ಮನೆಯ ಅರ್ಧ ಭಾಗ. ಆಗಿನ ಕಾಯಿದೆಯ ಪ್ರಕಾರ ಎಲ್ಲವೂ ಒಂದೇ ಮಾತಿನ ಮೇಲೆ ನಿಂತಿತ್ತು. ಅಣ್ಣತಮ್ಮ ಬದುಕಿದ್ದಾಗಲೇ ಬೇರೆಯಾಗಿದ್ದರು ಎಂದು ಸಾಬೀತಾದರೆ ತಮ್ಮನ ಪಾಲು ಹೆಂಡತಿಗೆ. ಒಟ್ಟಿಗೇ ಇದ್ದರು ಎಂದಾದರೆ ಎಲ್ಲವೂ ಅಣ್ಣನಿಗೆ, ಇವಳಿಗೆ ಅವರು ಹಾಕಿದಷ್ಟು ಊಟ, ಕೊಟ್ಟಷ್ಟು ಬಟ್ಟೆ. ಪಾಲಾದದ್ದು ಬಾಯಿಮಾತಿನಲ್ಲಿ, ಪತ್ರ ಇಲ್ಲ. ಪಾಲು ಮಾಡಿಸಿದ ಹಿರಿಯರಲ್ಲಿ ಒಬ್ಬರು ಸತ್ತಿದ್ದರು, ಉಳಿದವರು ಸಿದ್ದಪ್ಪನ ಕಡೆ ಸೇರಿದ್ದರು.

ಅವಳ ಕೇಸಿನ ಕಟ್ಟಿನ ಮೇಲೆ ಅಮ್ಮ ಹೂವಲ್ಲ, ಮಾಲೆಯನ್ನೇ ಇಟ್ಟಿದ್ದಳು. ತೊಂದರೆ ಇದ್ದದ್ದು ನಂಜಮ್ಮನಲ್ಲೇ. ಗಂಡಸರ ಎದುರು ನಿಂತರೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು, "ಹೂಂ ಬುದ್ಧಿ." ಸಂಜೆ ಕುರ್ಚಿ ಹಿಡಿದು ನಿಂತಳು. ಶಾಮಣ್ಣ ಗುಡುಗಿದ.

"ನೀವೆಲ್ಲಾ ಒಂದೇ ಮನೇಲಿ ಒಟ್ಟಿಗೇ ಇದ್ರಿ, ಅಲ್ವೇನಮ್ಮ?"

"ಹೂಂ ಬುದ್ಧಿ."

"ಪಾಲೇ ಆಗಿರ್ಲಿಲ್ಲ, ಅಲ್ವೇ?"

"ಹೂಂ ಬುದ್ಧಿ."

"ನಿನ್ನ ಗಂಡನ್ನ ನೀನು ಕಣ್ಣಲ್ಲೇ ನೋಡಿಲ್ಲ, ಅಲ್ವೇ?"

"ಹೂಂ ಬುದ್ಧಿ."

ಶಾಮಣ್ಣ ಹಣೆ ಚಚ್ಚಿಕೊಂಡ. ಅಪ್ಪ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು, ಕೇಸು ಕೈಬಿಟ್ಟಿತು ಅನ್ನಿಸಿದಾಗ ಅವರು ಮಾಡುತ್ತಿದ್ದದ್ದು ಅದನ್ನೇ. ನಂಜಮ್ಮ ಕುರ್ಚಿಯ ಬೆತ್ತವನ್ನು ಉಗುರಿನಿಂದ ಕೆರೆಯುತ್ತ ನೆಲ ನೋಡುತ್ತಿದ್ದಳು. ಆಗ ಅಡುಗೆಮನೆಯಿಂದ ಅಮ್ಮನ ದನಿ ಬಂತು.

"ಆ ಶಾಮಣ್ಣ ಕೂಗಾಡಿದ್ರೆ ನಾನೂ ಹೂಂ ಅಂತೀನಿ. ಇವಳ್ನ ನಿಲ್ಸಿ ಅಲ್ಲಿ. ದಿನಾ ಪ್ರಶ್ನೆ ಕೇಳಿ ಕೇಳಿ ನನ್ನ ಪ್ರಾಣ ತಿಂತಾಳೆ, ನಂಜಮ್ಮನ ಪ್ರಾಣಾನೂ ಒಂಚೂರು ತಿನ್ಲಿ."

ಇವಳು ಎಂದರೆ ನಾನು. ಅಪ್ಪ ನಕ್ಕು ತಮ್ಮ ಕರಿ ಕೋಟನ್ನು ನನ್ನ ಹೆಗಲಿಗೆ ಹಾಕಿದರು. ಅದು ಮೊಣಕಾಲಿನವರೆಗೆ ಬಂತು. ನಂಜಮ್ಮ ನನ್ನನ್ನು ನೋಡಿ ಸೆರಗು ಬಾಯಿಗೆ ಇಟ್ಟುಕೊಂಡಳು, ನಗು ತಡೆಯಲು. ನನಗೆ ಕಾಯಿದೆಯ ಪ್ರಶ್ನೆ ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಡುಗೆಮನೆಯ ಪ್ರಶ್ನೆ.

"ಬೇರೆ ಒಲೆ ಹೂಡಿದೆ ಅಂತೀಯಲ್ಲ, ಮೊದಲ್ನೇ ದಿನ ಏನು ಅಡುಗೆ ಮಾಡಿದೆ?"

"ಏಯ್, ನೀವು ಅನ್ನೇ," ಎಂದು ಅಮ್ಮ ಒಳಗಿನಿಂದ ಗದರಿಸಿದಳು.

ನಂಜಮ್ಮ ಹೂಂ ಬುದ್ಧಿ ಅನ್ನಲಿಲ್ಲ. ಅನ್ನಲು ಬರುವ ಪ್ರಶ್ನೆಯೇ ಅದಾಗಿರಲಿಲ್ಲ. ಅವಳ ಮುಖ ಸಡಿಲವಾಯಿತು.

"ಹುಳ್ಳಿಕಾಳು ಸಾರು ಕಣಮ್ಮಣ್ಣಿ. ನಮ್ಮೋರು ಹೊಲದಿಂದ ಬರೋ ಹೊತ್ಗೆ ಆಗ್ಬೇಕು ಅಂತ ಬಿರ್‌ಬಿರ್ನೆ ಮಾಡ್ದೆ. ಕೊತಕೊತ ಅಂತ ಕುದೀತೈತೆ, ಉಪ್ಪು ಹಾಕಾನ ಅಂತ ನೋಡ್ತೀನಿ, ಉಪ್ಪೇ ಇಲ್ಲ! ಪಾಲಲ್ಲಿ ರಾಗಿ ಬಂದಿತ್ತು, ಕಾಳು ಬಂದಿತ್ತು, ಪಾತ್ರೆ ಬಂದಿತ್ತು. ಉಪ್ಪು ಪಾಲ್ ಮಾಡಕ್ಕೆ ಯಾರ್ಗೂ ನೆಪ್ಪಿರ್ಲಿಲ್ಲ."

"ಆಮೇಲೆ?"

"ಆಮೇಲೇನು, ನಾಚ್ಕೆ ಬುಟ್ಟು ನಮ್ಮಕ್ಕನ ಬಾಗ್ಲಿಗೆ ಹೋದೆ. ಸಿದ್ದಪ್ಪ ಭಾವನ ಎಂಡ್ರು, ಕೆಂಪಕ್ಕ. ದೀಪ ಹಚ್ಚಿದ್ ಹೊತ್ತು ಉಪ್ಪು ಕೇಳ್ತೀಯಲ್ಲೇ ಅಂತ ಬೈದ್ಲು. ಬೈದ್ರೂ ಕೊಟ್ಲು, ಒಂದು ಕರಟದಾಗೆ."

ಅಷ್ಟರಲ್ಲಿ ಅಮ್ಮ ಕೈಯಲ್ಲಿ ಮುದ್ದೆಕೋಲು ಹಿಡಿದುಕೊಂಡು ನಡುಮನೆಗೆ ಬಂದಿದ್ದಳು. "ಕೈಗೆ ಕೊಡ್ಲಿಲ್ಲ ತಾನೆ?" ಎಂದು ಕೇಳಿದಳು. ಅದು ಕೇಸಿಗಾಗಿ ಕೇಳಿದ ಪ್ರಶ್ನೆಯಲ್ಲ, ಹೆಂಗಸರು ಹೆಂಗಸರು ಕೇಳಿಕೊಳ್ಳುವ ಪ್ರಶ್ನೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬರುತ್ತದೆ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ನಂಬುತ್ತಾರೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

"ಅಯ್ಯೋ, ಕೊಡ್ತಾರಾ ಅಮ್ಮಾರೆ? ಹೊಸಿಲ ಮ್ಯಾಲೆ ಮಡಗಿದ್ಲು. ನಮ್ಮಕ್ಕ ಅದ್ರಲ್ಲೆಲ್ಲ ಬಲು ಕಟ್ಟುನಿಟ್ಟು."

ಅಪ್ಪ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಅದನ್ನು ಹಾಕಿಕೊಂಡು ನಂಜಮ್ಮನನ್ನು ನೋಡಿದರು. ಒಂದೇ ಒಲೆ ಇರುವ ಮನೆಯಲ್ಲಿ ಒಂದೇ ಉಪ್ಪಿನ ಮಡಕೆ ಇರುತ್ತದೆ, ಅಲ್ಲಿ ತಮ್ಮನ ಹೆಂಡತಿ ಉಪ್ಪು ಬೇಕೆಂದು ಹೊಸಿಲಾಚೆ ನಿಂತು ಕೇಳುವುದಿಲ್ಲ. ಇಷ್ಟು ನನಗೂ ಹೊಳೆಯಿತು. ಹೊಳೆಯದೆ ಉಳಿದದ್ದು ಅಪ್ಪ ಮುಂದೆ ಹೇಳಿದ ಮಾತು.

"ನಾಳೆ ನಾನು ಉಪ್ಪಿನ ವಿಷಯ ಕೇಳೋದಿಲ್ಲ, ನಂಜಮ್ಮ. ಅವರು ಕೇಳಿದರೆ ಇದ್ದದ್ದು ಹೇಳು. ನೀನಾಗಿ ಎತ್ತಬೇಡ."

"ಅದೊಂದೇ ಅಲ್ವಾ ಬುದ್ಧಿ ನನ್ತಾವ ಇರೋದು?" ಎಂದು ನಂಜಮ್ಮ ಅಳು ಬರುವಂತೆ ಕೇಳಿದಳು. ಅಪ್ಪ ಕಟ್ಟು ಬಿಗಿದು ಎದ್ದರು.

ಮಾರನೆಯ ದಿನ ನನ್ನನ್ನು ಶಾಲೆ ಬಿಡಿಸಿ ಕೋರ್ಟಿಗೆ ಕರೆದುಕೊಂಡು ಹೋದರು, ಅಮ್ಮಣ್ಣಿ ಕಣ್ಣಿಗೆ ಕಾಣೋ ಹಂಗಿದ್ರೆ ಮಾತಾಡ್ತೀನಿ ಎಂದು ನಂಜಮ್ಮ ಹಟ ಹಿಡಿದಿದ್ದಳು. ಅವಳು ನಿಜವಾಗಿಯೂ ಮಾತಾಡಿದಳು. ಆ ಕಡೆಯ ಲಾಯರು ಎಷ್ಟು ತಿರುಗಿಸಿ ಕೇಳಿದರೂ, ನನ್ನ ಕಡೆ ಒಮ್ಮೆ ನೋಡಿ, "ಇಲ್ಲ ಸ್ವಾಮಿ, ಬ್ಯಾರೆ ಇದ್ವಿ" ಎಂದಳು. ಉಪ್ಪಿನ ವಿಷಯ ಯಾರೂ ಕೇಳಲಿಲ್ಲ. ಆದರೆ ಅವಳ ಒಬ್ಬಳ ಮಾತು ಸಾಲದು ಎಂದು ಅಪ್ಪನಿಗೂ ಗೊತ್ತಿತ್ತು, ಸಿದ್ದಪ್ಪನಿಗೂ ಗೊತ್ತಿತ್ತು. ಮುಂದಿನ ವಾಯಿದೆಗೆ ಸಿದ್ದಪ್ಪ ತನ್ನ ಹೆಂಡತಿ ಕೆಂಪಮ್ಮನನ್ನೇ ಸಾಕ್ಷಿಗೆ ಕರೆತಂದ. ಮನೆಯಲ್ಲಿ ಒಲೆ ಒಂದೋ ಎರಡೋ ಎಂದು ಮನೆಯ ಯಜಮಾನಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು ಎನ್ನುವುದು ಅವನ ಲೆಕ್ಕ. ಆ ದಿನವೂ ನಾನು ನಂಜಮ್ಮನ ಪಕ್ಕದಲ್ಲಿ, ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಕೆಂಪಮ್ಮ ದಪ್ಪನೆಯ, ಗಟ್ಟಿ ದನಿಯ ಹೆಂಗಸು. ಹಣೆಗೆ ದೊಡ್ಡ ಕುಂಕುಮ, ಹೊಸ ಸೀರೆಯ ಗಂಜಿ ಇನ್ನೂ ಬಿಟ್ಟಿರಲಿಲ್ಲ. ಕಟಕಟೆಯಲ್ಲಿ ನಿಂತು ಪಾಠ ಒಪ್ಪಿಸಿದಳು: ಮೈದುನ ಸಾಯುವ ತನಕ ಒಂದೇ ಒಲೆ, ಒಂದೇ ಮಡಕೆ, ತಾನೇ ಎಲ್ಲರಿಗೂ ಬೇಯಿಸಿ ಹಾಕುತ್ತಿದ್ದೆ. ಅವಳು ಹೇಳುವಾಗ ನಂಜಮ್ಮನ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತು, ನೋವಾಗುವಷ್ಟು. ಅಪ್ಪ ಎದ್ದರು. ಅವರು ಗಟ್ಟಿಯಾಗಿ ಮಾತಾಡಲಿಲ್ಲ, ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು.

"ಅಷ್ಟು ಜನಕ್ಕೆ ನೀವೊಬ್ಬರೇ ಮಾಡಿ ಹಾಕ್ತಿದ್ರಾ ತಾಯಿ?"

"ಇನ್ಯಾರು ಮಾಡ್ತಾರೆ ಸ್ವಾಮಿ?"

"ಮನೆ ನಡೆಸೋ ಹೆಂಗಸು ಅಂದ್ಮೇಲೆ ಆಚಾರ ವಿಚಾರ ಎಲ್ಲಾ ಗೊತ್ತಿರುತ್ತೆ."

"ಗೊತ್ತಿಲ್ದೆ ಏನು? ನಮ್ಮತ್ತೆ ಕಲ್ಸಿಕೊಟ್ಟವ್ರೆ."

"ಹಾಗಿದ್ದೂ, ಆವತ್ತು ದೀಪ ಹಚ್ಚಿದ ಹೊತ್ತಲ್ಲಿ ನಂಜಮ್ಮ ಉಪ್ಪು ಕೇಳಕ್ಕೆ ಬಂದಾಗ ಕೈಯಿಂದ ಕೈಗೆ ಕೊಟ್ಟುಬಿಟ್ಟಿರಂತೆ. ಅದಕ್ಕೇ ಈ ಜಗಳ ಎಲ್ಲಾ ಬಂತು ಅನ್ನಬಹುದಾ?"

ಕೆಂಪಮ್ಮನ ಮುಖ ಕೆಂಡವಾಯಿತು.

"ಯಾರು, ನಾನಾ? ಯಾವಳಂದ್ಲು ಹಂಗಂತ? ಕೈಗೆ ಕೊಡಕ್ಕೆ ನಂಗೇನು ತಲೆ ಕೆಟ್ಟಿತ್ತಾ? ಕರಟದಾಗೆ ಹಾಕಿ ಹೊಸಿಲ ಮ್ಯಾಲೆ ಮಡಗ್ದೆ. ಅವಳೇ ಬಗ್ಗಿ ತಗಂಡೋದ್ಲು. ಅಲ್ಲೇ ಕುಂತವಳಲ್ಲ, ಕೇಳಿ ಬೇಕಾರೆ!"

"ತಪ್ಪಾಯ್ತು ತಾಯಿ. ಆ ಉಪ್ಪು ಯಾರ ಮನೆ ಸಾರಿಗೆ?"

"ಅವಳ ಮನೆ ಸಾರಿಗೆ. ನಮ್ಮನೆ ಸಾರಿಗೆ ನಾನಾಗ್ಲೇ ಹಾಕಿದ್ದೆ."

ಮುನ್ಸೀಫರು ಬರೆಯುತ್ತಿದ್ದವರು ತಲೆ ಎತ್ತಿ ಕೆಂಪಮ್ಮನನ್ನು ನೋಡಿದರು, ಮತ್ತೆ ತಲೆ ತಗ್ಗಿಸಿ ಬರೆದುಕೊಂಡರು. ಅಪ್ಪ ಕುಳಿತರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಉಪ್ಪಿನ ಮಾತನ್ನು ನಂಜಮ್ಮ ಮೊದಲೇ ಎತ್ತಿದ್ದರೆ ಇವಳು ಎಚ್ಚರವಾಗಿರುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು. ಕೆಂಪಮ್ಮ ಗೆದ್ದವಳ ಹಾಗೆ ಸೆರಗು ಸರಿಮಾಡಿಕೊಂಡಳು, ಗಂಡನ ಮುಖ ನೋಡಿದ ಮೇಲೆಯೇ ಅವಳಿಗೆ ತಾನೇನು ಹೇಳಿದೆ ಎಂದು ತಿಳಿದದ್ದು. ತೀರ್ಪು ಬರಲು ಎಷ್ಟೋ ತಿಂಗಳು ಹಿಡಿಯಿತು, ಆದರೆ ನಂಜಮ್ಮನಿಗೆ ಅವಳ ಮನೆಯ ಅರ್ಧ ಭಾಗ ಸಿಕ್ಕಿದ್ದು ಅವತ್ತು, ಆ ಎರಡು ಉತ್ತರಗಳಲ್ಲಿ. ಆಮೇಲಿನ ನನ್ನ ವೃತ್ತಿಯಲ್ಲಿ ನಾನು ಕಂಡುಕೊಂಡದ್ದೂ ಇಷ್ಟೇ. ಜನ ತಮ್ಮ ಆಸ್ತಿಯ ಬಗ್ಗೆ ಸುಳ್ಳು ಹೇಳಲು ಒಪ್ಪುತ್ತಾರೆ, ತಮ್ಮ ಅಚ್ಚುಕಟ್ಟಿನ ಬಗ್ಗೆ ಬೇರೆಯವರು ಸುಳ್ಳು ಹೇಳಿದರೆ ಸಹಿಸುವುದಿಲ್ಲ. ಪಾಟೀಸವಾಲಿಗೆ ಎದ್ದು ನಿಂತಾಗಲೆಲ್ಲ ನಾನು ಮೊದಲು ಹುಡುಕುತ್ತಿದ್ದದ್ದು, ಎದುರಿಗಿರುವವರು ಯಾವುದರಲ್ಲಿ ಬಲು ಕಟ್ಟುನಿಟ್ಟು ಎನ್ನುವುದನ್ನು.

ಸಂಜೆ ಮನೆಯಲ್ಲಿ ಹಬ್ಬ ಆಗುತ್ತದೆ ಎಂದುಕೊಂಡಿದ್ದೆ. ಶಾಮಣ್ಣ ಕೈ ತಿರುಗಿಸಿ ತಿರುಗಿಸಿ ಅಮ್ಮನಿಗೆ ಎಲ್ಲವನ್ನೂ ವರ್ಣಿಸಿ ಹೋದ. ಅಮ್ಮ ಕೇಳಿಸಿಕೊಂಡಳು, ಎಲೆ ಹಾಕಿದಳು, ಬಡಿಸಿದಳು. ಅಪ್ಪ ಕಲಸಿದ ಅನ್ನ ಬಾಯಿಗೆ ಇಡುವಾಗ ಕೇಳಿದಳು.

"ಅವಳು ಹೊಸಿಲ ಮೇಲೆ ಇಟ್ಟಳು ಅಂತ ನಿಮಗೆ ಗೊತ್ತಿತ್ತಲ್ಲ. ನನ್ನೆದುರಿಗೇ ನಂಜಮ್ಮ ಹೇಳಿದ್ಲು. ಮತ್ತೆ ಕೈಗೆ ಕೊಟ್ಟಿರಂತೆ ಅಂತ ಯಾಕಂದ್ರಿ?"

"ನಾನು ಪ್ರಶ್ನೆ ಕೇಳಿದೆ ಕಣೇ. ಪ್ರಮಾಣ ಮಾಡಿ ಹೇಳಲಿಲ್ಲ."

"ಸುಳ್ಳು ಅಂತ ಗೊತ್ತಿದ್ದೇ ಕೇಳಿದ್ರಿ."

"ಸುಳ್ಳು ಹೇಳಕ್ಕೆ ಬಂದವಳ ಬಾಯಲ್ಲಿ ನಿಜ ಬಂತು. ಅದು ತಪ್ಪಾ?"

"ನಾನು ಅಡುಗೆಮನೆಯಿಂದ ಬಂದು ಕೇಳಿದ ಮಾತು ಅದು. ಹೆಂಗಸರ ಮಾತು. ಅದನ್ನ ತಗೊಂಡು ಹೋಗಿ ಅವಳಿಗೇ ಬಲೆ ಹಾಕಿದ್ರಿ. ಇವತ್ತು ಆ ಸಿದ್ದಪ್ಪ ಮನೆಗೆ ಹೋಗಿ ಅವಳ್ನ ಸುಮ್ನೆ ಬಿಡ್ತಾನಾ?"

ಅಪ್ಪ ಎಲೆ ನೋಡಿಕೊಂಡು ಕುಳಿತರು. ಗೆದ್ದ ದಿನ ಅವರು ಹೀಗೆ ಕುಳಿತದ್ದನ್ನು ನಾನು ಹೂವಿಲ್ಲದ ಕೇಸುಗಳಲ್ಲಿ ಮಾತ್ರ ನೋಡಿದ್ದೆ, ಮಾಲೆ ಹಾಕಿದ ಕೇಸಿನಲ್ಲಿ ಇದೇ ಮೊದಲು. ಇಬ್ಬರ ಮೇಲೂ ನನಗೆ ತುಂಬ ಕನಿಕರವಾಯಿತು. ಇವತ್ತಿಗೂ ಆ ಜಗಳದಲ್ಲಿ ಯಾರದು ಸರಿ ಎಂದು ತೀರ್ಪು ಕೊಡು ಎಂದರೆ ನನ್ನಿಂದ ಆಗುವುದಿಲ್ಲ. ಅಪ್ಪ ಆ ಪ್ರಶ್ನೆ ಕೇಳದಿದ್ದರೆ ನಂಜಮ್ಮ ಸಾಯುವ ತನಕ ಅಣ್ಣನ ಅಡುಗೆಮನೆಯ ಮೂಲೆಯಲ್ಲಿ ಇರುತ್ತಿದ್ದಳು. ಕೇಳಿದ್ದರಿಂದ ಇನ್ನೊಬ್ಬ ಹೆಂಗಸು ಗಂಡನಿಗೆ ಮುಖ ತೋರಿಸಲಾರದ ಹಾಗಾಯಿತು. ಇಂಥ ಪ್ರಶ್ನೆಗಳನ್ನು ನಾನೂ ಮುಂದೆ ಕೇಳಿದ್ದೇನೆ, ಕೇಳಿ ಮನೆಗೆ ಬಂದು ಸುಮ್ಮನೆ ಕುಳಿತಿದ್ದೇನೆ. ಆ ಸಂಜೆ ಇಬ್ಬರೂ ಮಾತು ನಿಲ್ಲಿಸಿದಾಗ, ಮಧ್ಯಾಹ್ನ ನಾನು ಕಣ್ಣಾರೆ ಕಂಡದ್ದನ್ನು ಅವರಿಗೆ ಹೇಳಿದೆ.

ಸಿದ್ದಪ್ಪ ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನು, ಸಾಕ್ಷಿಗಳನ್ನು ಕರೆದುಕೊಂಡು ಹೋಟೆಲಿಗೆ ಹೊರಟ. ಹೆಂಡತಿಯನ್ನು ಕರೆಯಲಿಲ್ಲ. ಹೋಗುವಾಗ, "ಬಾಯಿ ಐತೆ ಅಂತ ಆಡ್ಬುಟ್ಯಲ್ಲ ಮಾತು, ಅದ್ನೇ ತಿನ್ನು," ಎಂದ. ಕೆಂಪಮ್ಮ ಕೋರ್ಟಿನ ಜಗಲಿಯ ಕಂಬಕ್ಕೆ ಒರಗಿ ಕುಳಿತಳು. ಹೊಸ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡಿದ್ದಳು. ಹೋಗಿಬರುವ ವಕೀಲರು, ಬಿಲ್ಲೆಯ ಜವಾನರು ಅವಳನ್ನು ಸುತ್ತಿಕೊಂಡು ಹೋಗುತ್ತಿದ್ದರು. ನಾನೂ ನಂಜಮ್ಮನೂ ಸ್ವಲ್ಪ ದೂರದಲ್ಲಿ ಕ್ಯಾರಿಯರ್ ಬಿಚ್ಚಿದ್ದೆವು. ಅಮ್ಮ ಮೊಸರನ್ನ ಕಳಿಸಿದ್ದಳು, ಎಂದಿನಂತೆ ಸಪ್ಪೆ, ಮೇಲೊಂದು ಉಪ್ಪಿನ ಪೊಟ್ಟಣ. ನಂಜಮ್ಮ ಒಂದು ತುತ್ತನ್ನೂ ತಿನ್ನದೆ ಕಂಬದ ಕಡೆಗೇ ನೋಡುತ್ತಿದ್ದಳು. ಆಮೇಲೆ ಒಂದು ಡಬ್ಬಿಗೆ ಅರ್ಧ ಅನ್ನ ಹಾಕಿಕೊಂಡು ಎದ್ದಳು. ನಾನೂ ಹಿಂದೆ ಹೋದೆ.

"ಅಕ್ಕಾ, ಉಣ್ಣು."

ಕೆಂಪಮ್ಮ ತಲೆ ಎತ್ತಲಿಲ್ಲ. ನಂಜಮ್ಮ ಡಬ್ಬಿಯನ್ನು ಅವಳ ಮುಂದಿಟ್ಟು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಕೆಂಪಮ್ಮ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಹಾಕಿಕೊಂಡು ನಿಲ್ಲಿಸಿದಳು.

"ಉಪ್ಪಿಲ್ಲ ಕಣೇ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ನಂಜಮ್ಮ ಪೊಟ್ಟಣ ಬಿಚ್ಚಿದಳು. ನೆಲದ ಮೇಲೆ ಇಡುತ್ತಾಳೆ ಎಂದು ನಾನು ಅಂದುಕೊಂಡೆ. ಕೆಂಪಮ್ಮನೂ ಹಾಗೇ ಅಂದುಕೊಂಡು ಎತ್ತಿಕೊಳ್ಳಲು ಬಗ್ಗಿದಳು. ಆದರೆ ನಂಜಮ್ಮ ಅವಳ ಮಣಿಕಟ್ಟು ಹಿಡಿದು, ಅಂಗೈ ಬಿಡಿಸಿ, ಅದರೊಳಗೆ ಉಪ್ಪು ಸುರಿದಳು.

"ಕೈಯಾಗೇ ತಗಳಕ್ಕ. ಇನ್ನೇನು ಜಗಳ ಬಾಕಿ ಐತೆ ನಮ್ಗೆ?"